ಕಿಟಕಿಗೆ ಹತ್ತು ಅಂಕ

ಸೇಡಂ
11 ನವೆಂಬರ್ 2024

ಸಿದ್ಧಲಿಂಗ,

ಇವತ್ತು ಬೆಳಿಗ್ಗೆ ನಮ್ಮ ಕಿಟಕಿಯ ಕಟ್ಟೆಯ ಮೇಲೆ ಗುಬ್ಬಿಯ ಹೆಜ್ಜೆಗಳಿದ್ದವು. ನಿನ್ನೆ ಸಂಜೆಯಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದ್ದೆ. ಬೆಳಗಾಗುವಷ್ಟರಲ್ಲಿ ಸಿಮೆಂಟಿನ ತೆಳು ಪುಡಿ ಮತ್ತೆ ಕೂತಿತ್ತು. ಅದರ ಮೇಲೆ ಒಂದು ಗುಬ್ಬಿ ಬಂದು, ನಾಲ್ಕು ಹೆಜ್ಜೆ ಇಟ್ಟು, ತಿರುಗಿ ಹಾರಿಹೋಗಿದೆ. ಹಾರಿದ ಜಾಗದಲ್ಲಿ ಮಾತ್ರ ಉಗುರು ಆಳವಾಗಿ ಊರಿತ್ತು. ಅವ್ವ ಬಂದು, "ಏನ್ ನೋಡಾಕತ್ತಿ ಅಲ್ಲಿ? ಒರಸಬಾರ್ದಾ?" ಎಂದಳು. ಒರೆಸಿದೆ. ನಿನಗೆ ಬರೆಯಬೇಕೆಂದು ಮೊದಲು ಚೆನ್ನಾಗಿ ನೋಡಿಟ್ಟುಕೊಂಡೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ವಾಡಿ ಸ್ಟೇಷನ್ನಿನಲ್ಲಿ ನಕ್ಕೆ. ನಮ್ಮ ಮನೆಯಲ್ಲಿ ಇರುವುದು ಎರಡೇ ಕೋಣೆ, ಒಂದರ ಮಾತು ಇನ್ನೊಂದಕ್ಕೆ ಕೇಳುತ್ತದೆ. ಅದು ಒಂದು ಕಾರಣ. ಇನ್ನೊಂದು ಕಾರಣ ನಿನಗೂ ಗೊತ್ತು. ಫೋನಿನಲ್ಲಿ ನೀನು "ಮತ್ತ?" ಎನ್ನುತ್ತೀ, ನಾನು "ಏನಿಲ್ಲ" ಎನ್ನುತ್ತೇನೆ. ಎರಡು ವರ್ಷದಿಂದ ನಾವು ಫೋನಿನಲ್ಲಿ ಆಡಿದ್ದು ಇಷ್ಟೇ. ನನಗೆ ಹೇಳಲಿಕ್ಕೆ ಬಹಳ ಇರುತ್ತದೆ. ಆದರೆ ಅದು ಕೈಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ.

ನಿನ್ನ ಪತ್ರಗಳನ್ನು ಊರ ಗ್ರಂಥಾಲಯದ ವಿಳಾಸಕ್ಕೆ ಹಾಕು. ನಾನು ದಿನಾ ಓದಲು ಕೂರುವುದು ಅಲ್ಲೇ. ಅಟೆಂಡರ್ ಶಹಾಬುದ್ದೀನ ಚಾಚಾಗೆ ಹೇಳಿದ್ದೇನೆ. ಯಾರ ಪತ್ರ ಎಂದು ಅವರು ಕೇಳಲಿಲ್ಲ. "ಬರ್ಲಿ ಬೇಟಿ, ಈ ಲೈಬ್ರರಿಗೆ ಬಿಲ್ ಬಿಟ್ರ ಬ್ಯಾರೆ ಟಪಾಲೇ ಬರಂಗಿಲ್ಲ," ಎಂದರು.

ವಾಡಿಯ ಆ ಬೆಂಚಿನ ಮೇಲೆ ನಾವು ತೀರ್ಮಾನಿಸಿದ್ದನ್ನು ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ. ಮಾತಿನಲ್ಲಿ ನಾನು ಎಷ್ಟು ಹೇಳಿದೆನೋ, ಎಷ್ಟು ನುಂಗಿದೆನೋ ಗೊತ್ತಿಲ್ಲ. ಸರ್ಕಾರಿ ಸಹಾಯಕರ ಹುದ್ದೆಗೆ ಇಬ್ಬರೂ ಅರ್ಜಿ ಹಾಕುವುದು. ನಮ್ಮ ಏಳು ಜಿಲ್ಲೆಯವರಿಗೆ ಮಾತ್ರ ಆ ಅರ್ಜಿಯಲ್ಲಿ ಒಂದು ಪ್ರಶ್ನೆ ಹೆಚ್ಚು ಇರುತ್ತದಲ್ಲ, ಸ್ಥಳೀಯ ವೃಂದವೋ, ಉಳಿಕೆ ಮೂಲ ವೃಂದವೋ ಎಂದು. ಅದನ್ನೇ ಎಲ್ಲರೂ ಒಳಗೆ, ಹೊರಗೆ ಎನ್ನುವುದು. ಒಳಗೆ ಎಂದರೆ ಕಲಬುರಗಿ, ಬೀದರ, ರಾಯಚೂರು, ಹೀಗೆ ನಮ್ಮ ಜಿಲ್ಲೆಗಳೇ. ಹೊರಗೆ ಎಂದರೆ ಉಳಿದ ರಾಜ್ಯವೆಲ್ಲ. ಒಂದಕ್ಕೆ ಗುರುತು ಹಾಕಿದರೆ ಇನ್ನೊಂದರ ಬಾಗಿಲು ಮುಚ್ಚಿತು, ಮುಂದೆ ವರ್ಗಾವಣೆಯೂ ಆ ಗೆರೆ ದಾಟುವುದಿಲ್ಲ. ಒಳಗೆ ಹಾಕಿದರೆ ನೌಕರಿ ಸುಲಭ, ನಿಜ. ಆದರೆ ಒಳಗೆ ನಮ್ಮಿಬ್ಬರಿಗೆ ಸೇರಿ ಒಂದು ಮನೆ ಬಾಡಿಗೆಗೆ ಕೊಡುವವರು ಯಾರಿದ್ದಾರೆ? ನಮ್ಮ ಮನೆಯವರು ನಿಮ್ಮ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಯಾವ ಆಫೀಸಿಗೆ ಹೋದರೂ ಅಪ್ಪನ ಬಸ್ ಡಿಪೋದವರೋ ನಿಮ್ಮ ಶಹಾಬಾದಿನವರೋ ಒಬ್ಬರು ಇರುತ್ತಾರೆ. ಅದಕ್ಕೇ ಹೊರಗೆ, ಇಬ್ಬರೂ ಹೊರಗೆ ಎಂದು ನೀನೇ ಮೊದಲು ಹೇಳಿದೆ. ನಾನು ತಲೆ ಅಲ್ಲಾಡಿಸಿದೆ.

ಊರುಗಳ ವಹಿ ಶುರು ಮಾಡಿದ್ದೇನೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಬೆಂಗಳೂರು. ಪ್ರತಿ ಊರಿಗೂ ಒಂದೊಂದು ಪುಟ, ಹತ್ತಕ್ಕೆ ಅಂಕ. ನೀನು ಹೇಳಿದವು ನೀರು, ಬಸ್ಸು, ಜೋಳದ ರೊಟ್ಟಿ ಸಿಗುವ ಖಾನಾವಳಿ. ನನ್ನವು ಗ್ರಂಥಾಲಯ, ಸಂಜೆ ಒಬ್ಬಳೇ ನಡೆಯಬಹುದಾದ ರಸ್ತೆ, ಕಿಟಕಿ. ಕಿಟಕಿಯೇನು ನೌಕರಿ ಮಾಡುವವರಿಗೆ ಎಂದು ನಗಬೇಡ. ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಾಣದ ಒಂದು ಕಿಟಕಿ ನನಗೆ ಬೇಕು.

ನೀನು ಮೈಸೂರಿನಲ್ಲೇ ಇದ್ದೀಯಲ್ಲ. ಮೊದಲು ಅದಕ್ಕೆ ಅಂಕ ಕೊಡು. ಸುಳ್ಳು ಕೊಡಬೇಡ.

ಐಶ್ವರ್ಯ


ಮೈಸೂರು
22 ನವೆಂಬರ್ 2024

ಐಶ್ವರ್ಯ,

ನಿನ್ನ ಪತ್ರ ಎರಡು ಸಲ ಓದಿದೆ. ಗುಬ್ಬಿ ಹೆಜ್ಜೆಯ ಭಾಗ ಮೂರು ಸಲ. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಬಿ.ಕಾಂ. ಓದಿದವನು, ಏನಿದ್ದರೂ ಒಂದು ಸಾಲಿನಲ್ಲಿ ಮುಗಿಸುತ್ತೇನೆ.

ಕೆಲಸ ನಡೆದಿದೆ. ನಮ್ಮೂರಿನ ಫರ್ಸಿ ಕಲ್ಲು ಇಲ್ಲಿ ದೊಡ್ಡ ದೊಡ್ಡ ಮನೆಗಳ ನೆಲಕ್ಕೆ ಬರುತ್ತದೆ. ಸೋದರಮಾವನ ಕಡೆಯ ಎಂಟು ಜನ ಹಾಸುತ್ತಾರೆ, ನಾನು ಮೇಲೆ ನೋಡಿಕೊಳ್ಳುತ್ತೇನೆ. ಶಹಾಬಾದಿನಲ್ಲಿ ಈ ಕಲ್ಲಿನ ಮೇಲೆ ನಾವು ಎಮ್ಮೆ ಕಟ್ಟುತ್ತೇವೆ. ಇಲ್ಲಿಯವರು ಚಪ್ಪಲಿ ಬಿಟ್ಟು ನಡೆಯುತ್ತಾರೆ.

ಅಂಕ ಹೀಗಿವೆ. ನೀರು ಒಂಬತ್ತು. ಬಸ್ಸು ಒಂಬತ್ತು. ರೊಟ್ಟಿ ನಾಲ್ಕು, ಸಿಗುತ್ತದೆ, ಆದರೆ ದಪ್ಪ, ಹಪ್ಪಳದ ಹಾಗೆ ಮುರಿಯುವುದಿಲ್ಲ. ಗ್ರಂಥಾಲಯ ಹತ್ತು. ರಸ್ತೆಗೆ ಹತ್ತು, ಇಲ್ಲಿ ಹುಡುಗಿಯರು ಸಂಜೆ ಸುಮ್ಮನೆ ನಡೆಯುತ್ತಾರೆ, ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಕಿಟಕಿ ಹತ್ತಕ್ಕೆ ಹತ್ತು. ನನ್ನ ಕೋಣೆಯ ಕಿಟಕಿ ತೆಗೆದರೆ ಎದುರಿಗೇ ಗುಲ್‌ಮೊಹರ್ ಮರ. ಕೊಂಬೆ ಕೈಗೆ ಸಿಗುವಷ್ಟು ಹತ್ತಿರ. ಬೆಳಿಗ್ಗೆ ಅಳಿಲು ಬಂದು ಸರಳಿನ ಮೇಲೆ ಕೂರುತ್ತದೆ. ಧೂಳೇ ಇಲ್ಲ. ನೀನು ಬಂದರೆ ಒರೆಸಲಿಕ್ಕೆ ಕೆಲಸವೇ ಇರುವುದಿಲ್ಲ.

ಜನ ಒಳ್ಳೆಯವರು. ಕೆಲಸದ ಮನೆಯ ಅಮ್ಮನವರು, "ನೀವು ಮಾತಾಡಿದ್ರೆ ಜಗಳ ಆಡಿದ ಹಾಗೇ ಇರುತ್ತಪ್ಪ," ಎಂದರು. "ಇಲ್ರೀ ಅಮ್ಮಾರ, ಪ್ರೀತಿಲೇ ಮಾತಾಡಾಕತ್ತೀನ್ರಿ," ಎಂದೆ. ಎಲ್ಲರೂ ನಕ್ಕರು. ಈಗ ದಿನಾ ಯಾರಾದರೂ ಬಂದವರ ಮುಂದೆ ನನ್ನನ್ನು ಕರೆದು, ಏನಾದರೂ ಮಾತಾಡಪ್ಪ ಎನ್ನುತ್ತಾರೆ.

ಚೆನ್ನಾಗಿ ಓದು. ಹೊರಗಿನ ಕಟ್‌ಆಫ್ ಎತ್ತರ ಇರುತ್ತದೆ.

ಸಿದ್ಧಲಿಂಗ


ಸೇಡಂ
18 ಡಿಸೆಂಬರ್ 2024

ಸಿದ್ಧಲಿಂಗ,

ಅರ್ಜಿ ತುಂಬಿ ಬಂದೆ.

ಬಸ್ ಸ್ಟ್ಯಾಂಡಿನ ಎದುರಿನ ಮೌಲಾಲಿ ಅಣ್ಣನ ಆನ್‌ಲೈನ್ ಸೆಂಟರ್ ಗೊತ್ತಲ್ಲ, ಅಲ್ಲಿಗೆ ಹೋಗಿದ್ದೆ. ಅಂಗಡಿ ತುಂಬ ನಮ್ಮ ವಯಸ್ಸಿನವರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲದಲ್ಲಿ ಮಾರ್ಕ್ಸ್ ಕಾರ್ಡು. ಮೌಲಾಲಿ ಅಣ್ಣ ಪರದೆಯಿಂದ ಕಣ್ಣು ಎತ್ತದೆ ಕೇಳುತ್ತಿದ್ದರು. ಹೆಸರು? ತಂದೆ ಹೆಸರು? ಒಳಗಾ, ಹೊರಗಾ? ಎಲ್ಲರೂ ಒಳಗ, ಒಳಗ ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ಹೊರಗ ಎಂದೆ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಆಗ ಅವರು ಪರದೆ ಬಿಟ್ಟು ನನ್ನನ್ನು ನೋಡಿದರು.

"ಹೊರಗಾ? ಸಂಗಣ್ಣ ಮೆಕ್ಯಾನಿಕ್ ಮಗಳಲ್ಲೇನವಾ ನೀ? ಅಪ್ಪಗ ಕೇಳೀಯೇನು?"

"ಕೇಳೀನ್ರಿ," ಎಂದೆ. ಸುಳ್ಳು.

"ನೋಡವಾ, ಹೊರಗ ಕಟ್‌ಆಫ್ ಭಾಳ ಏರ್ತದ. ಇಲ್ಲಿ ಕುಂತ್ಕೊಂಡು ನಾನು ನಾಲ್ಕು ವರ್ಷದಿಂದ ಫಾರಂ ತುಂಬಾಕತ್ತೀನಿ. ಹೊರಗ ಹಾಕಿದ್ದು ಮೂರು ಮಂದಿ. ಮೂರೂ ಮಂದಿ ಈಗ ಮೊಬೈಲ್ ಅಂಗಡ್ಯಾಗ ಕೆಲಸ ಮಾಡಾಕತ್ತಾರ."

ಹಿಂದಿನ ಸಾಲಿನಲ್ಲಿ ಯಾರೋ, "ನಾಲ್ಕನೇದ್ದು ಸೀರಿ ಅಂಗಡಿಗಿ," ಎಂದ. ಎಲ್ಲರೂ ನಕ್ಕರು. ಪರದೆಯ ಮೂಲೆಯಲ್ಲಿ ನನ್ನದೇ ಬಿಂಬ ಕಾಣುತ್ತಿತ್ತು. "ಒತ್ತಿದ ಮ್ಯಾಲ ಇದು ಬದಲ ಆಗಂಗಿಲ್ಲ, ಆಮ್ಯಾಲ ಬಂದು ಅಳಬ್ಯಾಡ," ಎಂದು ಅಣ್ಣ ಬೆರಳನ್ನು ಗಾಳಿಯಲ್ಲೇ ಹಿಡಿದರು. ನಾನು ಹೂಂ ಎಂದೆ. ಒತ್ತಿದರು.

ಒಂದು ಮಾತು ನಿನಗೆ ಹೇಳಬೇಕು. ಹೊರಗೆ ಹೋಗಲು ನನಗೆ ಭಯ. ಕಾಗಿಣಾ ನದಿಯ ಸೇತುವೆ ದಾಟಿ ಒಬ್ಬಳೇ ಹೋಗಿದ್ದು ಕಲಬುರಗಿಯ ತನಕ ಮಾತ್ರ. ಒಳಗೆ ಹಾಕಿದ್ದರೆ ನನ್ನ ಅಂಕಕ್ಕೆ ಸಿಗುತ್ತಿತ್ತೇನೋ ಎಂದು ಆ ಸಾಲಿನಲ್ಲಿ ನಿಂತು ಅನ್ನಿಸಿತು. ಆಗ ನಿನ್ನ ಗುಲ್‌ಮೊಹರ್ ಮರವನ್ನು ನೆನೆಸಿಕೊಂಡೆ. ನಿನಗೆ ಆ ಊರು ಎಷ್ಟು ಹಿಡಿಸಿದೆ ಎಂದು ನಿನ್ನ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಅಳಿಲು ಕೂರುವ ಕಿಟಕಿ ಬಿಟ್ಟು ನೀನು ಧೂಳಿಗೆ ಯಾಕೆ ಮರಳಬೇಕು?

ನೀನೂ ಬೇಗ ತುಂಬು. ಇನ್ನು ಹತ್ತೇ ದಿನ ಉಳಿದಿವೆ.

ಐಶ್ವರ್ಯ


ಮೈಸೂರು
9 ಜನವರಿ 2025

ಐಶ್ವರ್ಯ,

ತಡವಾಯಿತು. ಒಂದು ಮನೆಯ ನೆಲ ಎತ್ತಿ ಮತ್ತೆ ಹಾಸಬೇಕಾಯಿತು. ಮಟ್ಟ ಸರಿ ಇರಲಿಲ್ಲ, ನೀರು ಹಾಕಿದರೆ ಒಂದೇ ಮೂಲೆಗೆ ಓಡುತ್ತಿತ್ತು. ನೆಲದ ಓರೆ ಕಣ್ಣಿಗೆ ಕಾಣುವುದಿಲ್ಲ, ನೀರು ಹಾಕಿದ ಮೇಲೆಯೇ ಗೊತ್ತಾಗುವುದು.

ನಾನೂ ತುಂಬಿದೆ. ಕೊನೆಯ ದಿನ ತುಂಬಿದೆ.

ನೀನು ಸೇತುವೆಯ ಬಗ್ಗೆ ಬರೆದದ್ದು ಓದಿ ಶಹಾಬಾದಿನ ನಮ್ಮ ಓಣಿ ನೆನಪಾಯಿತು. ಕಲ್ಲು ಕೊಯ್ಯುವ ಮಷಿನ್ನಿನ ಸದ್ದು ಇಲ್ಲದೆ ಇಲ್ಲಿ ನಿದ್ದೆ ಬರುವುದು ತಡ. ಮತ್ತೇನಿಲ್ಲ. ಓದಬೇಕು.

ಸಿದ್ಧಲಿಂಗ


ಸೇಡಂ
24 ಮಾರ್ಚ್ 2025

ಸಿದ್ಧಲಿಂಗ,

ಪರೀಕ್ಷೆಯ ದಿನ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಜೊತೆ ಕೂತದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ನೋಡಿದ್ದನ್ನು ಒಂದು ವಾರದಿಂದ ನೆನೆಯುತ್ತಿದ್ದೇನೆ.

ನೀನು ಸೊರಗಿದ್ದೀ. ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ ಇತ್ತು. ಮೇಲೆ ನಿಂತು ನೋಡಿಕೊಳ್ಳುವವನ ಉಗುರಲ್ಲಿ ಅದು ಹೇಗೆ ಬರುತ್ತದೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಪ್ರವೇಶಪತ್ರದ ಫೋಟೊ ಹೇಗೆ ಬಂದಿದೆ ತೋರಿಸು ಎಂದು ಕೈ ಚಾಚಿದೆ. "ಕಳ್ಳನ ಹಂಗ ಬಂದದ, ಬ್ಯಾಡ," ಎಂದು ನೀನು ಮಡಚಿ ಜೇಬಿಗೆ ಹಾಕಿಕೊಂಡೆ. ಉತ್ತರ ಹೋಲಿಸೋಣ ಎಂದು ನಾನು ಅಂದೆ. ಚಹಾ ತರುತ್ತೇನೆ ಎಂದು ನೀನು ಎದ್ದೆ. ಚಹಾ ತಂದಾಗ ನನ್ನ ಬಸ್ಸು ಬಂದಿತ್ತು.

ನಿನಗೆ ಪೇಪರ್ ಕಷ್ಟವಾಗಿದೆ ಎಂದು ನನಗೆ ಗೊತ್ತಾಯಿತು. ಸಣ್ಣ ಮುಖ ಮಾಡಿಕೊಳ್ಳಬೇಡ. ನನಗೆ ಸಿಕ್ಕು ನಿನಗೆ ಸಿಗದಿದ್ದರೂ ನೀನು ಮೈಸೂರಿನಲ್ಲೇ ಇದ್ದೀ, ನಾನು ಮೈಸೂರು ಕೇಳಿಕೊಂಡು ಬರುತ್ತೇನೆ. ಇನ್ನೊಂದು ಸಲ ಬರೆಯುವಿಯಂತೆ. ಒಬ್ಬರ ಸಂಬಳದಲ್ಲಿ ಕಿಟಕಿಯಿರುವ ಕೋಣೆ ಸಿಗುವುದಿಲ್ಲವೇ?

ಗ್ರಂಥಾಲಯದಲ್ಲಿ ಬೇಸಿಗೆಗೆಂದು ಹೊಸ ಮಡಕೆ ತಂದಿದ್ದಾರೆ. ಶಹಾಬುದ್ದೀನ ಚಾಚಾ ನನ್ನ ಮುಂದೆ ಲೋಟ ಇಟ್ಟು, "ಮೈಸೂರ ಟಪಾಲು ನಿಂತು ಭಾಳ ದಿನ ಆಯ್ತಲ್ಲ ಬೇಟಿ. ಅಲ್ಲಿ ಪೋಸ್ಟ್ ಆಫೀಸ್ ಬಂದ್ ಆತೇನು?" ಎಂದರು. ಪೇಪರ್ ಓದುತ್ತಿದ್ದ ಇಬ್ಬರು ತಲೆ ಎತ್ತಿದರು. ನಾನು ನೀರು ಕುಡಿದೆ.

ಬರೆ.

ಐಶ್ವರ್ಯ


ಶಹಾಬಾದ
2 ಮೇ 2025

ಐಶ್ವರ್ಯ,

ವಿಳಾಸ ನೋಡಿ ಆಶ್ಚರ್ಯವಾಗಿರಬೇಕು. ಊರಿಗೆ ಬಂದಿದ್ದೇನೆ. ಬೇಸಿಗೆಗೆ ಅಲ್ಲಿ ಕೆಲಸ ಕಡಿಮೆ. ಅವ್ವನಿಗೂ ಮೊಣಕಾಲು ನೋವು.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಈ ಒಂದು ಪರೀಕ್ಷೆಯನ್ನೇ ನಂಬಿ ಕೂರಬೇಡ. ಹೊರಗಿನದು ನಮ್ಮಂಥವರಿಗೆ ಕಷ್ಟ. ಮುಂದೆ ಬೇರೆ ಹುದ್ದೆ ಕರೆದಾಗ ಒಳಗೆ ಹಾಕಿ ನೋಡು. ನಿನಗೆ ಖಂಡಿತ ಸಿಗುತ್ತದೆ. ಕಲಬುರಗಿ ಏನು ಕೆಟ್ಟ ಊರಲ್ಲ. ವಹಿಯಲ್ಲಿ ಅದಕ್ಕೂ ಒಂದು ಪುಟ ಇಡು.

ಅವ್ವ ಕೂಗುತ್ತಿದ್ದಾಳೆ.

ಸಿದ್ಧಲಿಂಗ


ಸೇಡಂ
26 ಸೆಪ್ಟೆಂಬರ್ 2025

ಸಿದ್ಧಲಿಂಗ,

ಜೂನಿನಲ್ಲಿ ಒಂದು, ಆಗಸ್ಟಿನಲ್ಲಿ ಒಂದು ಪತ್ರ ಹಾಕಿದೆ. ಎರಡಕ್ಕೂ ಉತ್ತರವಿಲ್ಲ. ಫೋನ್ ಮಾಡಿದರೆ "ಡ್ಯೂಟಿ ಮ್ಯಾಲ ಅದೀನಿ, ಆಮ್ಯಾಲ ಮಾಡ್ತೀನಿ" ಎನ್ನುತ್ತೀ. ಯಾವ ಡ್ಯೂಟಿ ಎಂದು ಕೇಳುವ ಮೊದಲೇ ಇಡುತ್ತೀ. ಇದನ್ನು ದೂರಲು ಬರೆಯುತ್ತಿಲ್ಲ. ಇವತ್ತು ದೂರುವ ದಿನ ಅಲ್ಲ.

ಪಟ್ಟಿ ಬಂದಿದೆ. ನನ್ನ ನಂಬರ್ ಇದೆ.

ಮೌಲಾಲಿ ಅಣ್ಣ ನನ್ನ ಅಪ್ಪನಿಗೇ ಫೋನ್ ಮಾಡಿದರಂತೆ. ಅಪ್ಪ ಡಿಪೋದಿಂದ ಗ್ರೀಸ್ ಕೈಯಲ್ಲೇ ಗ್ರಂಥಾಲಯಕ್ಕೆ ಬಂದರು. ಅವರು ಅಲ್ಲಿಗೆ ಬಂದದ್ದು ಇದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತಿದ್ದರು. "ಐಶ್ವರ್ಯ, ನೀ ಹೊರಗ ಹಾಕಿದ್ದಿ? ನನಗ ಹೇಳಲೇ ಇಲ್ಲಲ್ಲ ಮಗಳ?" ಎಂದರು. ಬೈಗುಳಕ್ಕೆ ಕಾಯುತ್ತಿದ್ದೆ. "ಸೇಡಂ ತಾಲೂಕಿನ್ಯಾಗ ಹೊರಗಿನ ಪಟ್ಟ್ಯಾಗ ನಿನ್ನದೊಂದೇ ಹೆಸರ ಅದ ಅಂತ," ಎಂದು ಹೇಳುವಷ್ಟರಲ್ಲಿ ಅವರ ಬಾಯಿ ಅಳುವವರ ಹಾಗೆ ಆಯಿತು. ಚಾಚಾ ಅವರಿಗೆ ಕುರ್ಚಿ ಹಾಕಿ, "ಕುಂದ್ರಿ ಸಂಗಣ್ಣೋರ, ಲೈಬ್ರರ್‍ಯಾಗ ಅಳಬಾರ್ದು ಅಂತ ರೂಲ್ ಇಲ್ಲ," ಎಂದರು.

ನಾನು ಮಾತ್ರ ನಿನ್ನ ನಂಬರ್ ಹುಡುಕುತ್ತಿದ್ದೆ. ನಮ್ಮಿಬ್ಬರ ಅರ್ಜಿ ನಂಬರ್ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟಿದ್ದೆ. ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಕಾಯ್ದಿರಿಸಿದ ಪಟ್ಟಿಯನ್ನೂ ನೋಡಿದೆ. ಇಲ್ಲ. ಹದಿನಾಲ್ಕು ಸಲ ನೋಡಿದೆ ಸಿದ್ಧಲಿಂಗ, ಇಲ್ಲ.

ಎಲ್ಲರೂ ನನಗೆ ಪೇಢೆ ತಿನ್ನಿಸುತ್ತಿದ್ದಾರೆ, ನಾನು ಮತ್ತೆ ಪಟ್ಟಿಯನ್ನೇ ತೆರೆಯುತ್ತಿದ್ದೇನೆ. ನೀನು ಒಬ್ಬನೇ ಶಹಾಬಾದಿನಲ್ಲಿ ಹೇಗಿದ್ದೀಯೋ. ನಾನು ಮೈಸೂರನ್ನೇ ಕೇಳುತ್ತೇನೆ, ಸಿಗುವ ಹಾಗಿದೆ. ನೀನು ಹಳೆಯ ಕೆಲಸಕ್ಕೆ ಮರಳು, ಸಂಜೆ ನಾನು ಓದಿಸುತ್ತೇನೆ. ಇದು ಸೋಲಲ್ಲ. ನಮ್ಮಲ್ಲಿ ಒಬ್ಬರು ಮೊದಲು ಹೋಗಿ ಬಾಗಿಲು ತೆಗೆದಿಟ್ಟ ಹಾಗೆ ಅಷ್ಟೇ.

ಒಂದು ಸಾಲಾದರೂ ಬರೆ.

ಐಶ್ವರ್ಯ


ಚಿಂಚೋಳಿ
28 ಅಕ್ಟೋಬರ್ 2025

ಐಶ್ವರ್ಯ,

ಈ ಪತ್ರ ಐದು ಸಲ ಬರೆದು ಹರಿದೆ. ಇದೂ ಸರಿಯಾಗಿಲ್ಲ, ಆದರೆ ಹಾಕುತ್ತೇನೆ.

ನನ್ನ ನಂಬರ್ ನೀನು ನೋಡಿದ ಪಟ್ಟಿಯಲ್ಲಿ ಇರುವುದಿಲ್ಲ. ಅದು ಇನ್ನೊಂದು ಪಟ್ಟಿಯಲ್ಲಿದೆ. ಒಳಗಿನದರಲ್ಲಿ. ಆ ಪಟ್ಟಿ ಜುಲೈನಲ್ಲೇ ಬಂತು. ಸೆಪ್ಟೆಂಬರಿನಿಂದ ಇಲ್ಲಿ ಚಿಂಚೋಳಿಯ ಆಫೀಸಿನಲ್ಲಿದ್ದೇನೆ. ಡ್ಯೂಟಿ ಅಂದದ್ದು ಇದೇ.

ನಿನಗಾಗಿ ಹೀಗೆ ಮಾಡಿದೆ ಎಂದು ಮೊದಲ ನಾಲ್ಕು ಪತ್ರಗಳಲ್ಲಿ ಬರೆದಿದ್ದೆ. ನಿನಗೆ ಸೇಡಂ ಬಿಡಲು ಭಯ, ಅದಕ್ಕೆ ಎಂದು. ಅದು ಸುಳ್ಳು. ನನಗೆ ಭಯ. ನಾನು ಮೇಲೆ ನಿಂತು ನೋಡಿಕೊಳ್ಳುತ್ತಿರಲಿಲ್ಲ, ಕಲ್ಲು ಹೊರುತ್ತಿದ್ದೆ. ಕೋಣೆ ಇರಲಿಲ್ಲ. ಕಲ್ಲು ಇಡುವ ಗೋದಾಮಿನಲ್ಲಿ ಎಂಟು ಜನ ಮಲಗುತ್ತಿದ್ದೆವು. ತಗಡಿನ ಬಾಗಿಲು, ಕಿಟಕಿಯೇ ಇಲ್ಲ. ಗುಲ್‌ಮೊಹರ್ ಮರ ಕೆಲಸದ ಮನೆಯವರದು. ಅಳಿಲು ನಾನು ನೋಡಿಲ್ಲ, ನಿನಗೆ ಚಂದ ಕಾಣಲಿ ಎಂದು ಬರೆದೆ. ಬಂದವರ ಮುಂದೆಲ್ಲ ನನ್ನನ್ನು ಕರೆದು ಮಾತಾಡಿಸಿ ನಗುತ್ತಿದ್ದರಲ್ಲ, ಒಂದು ದಿನ ಮಾತೇ ಬಿಟ್ಟೆ. ಮೂರು ತಿಂಗಳು ಆ ಮನೆಯಲ್ಲಿ ಸನ್ನೆಯಲ್ಲೇ ಕೆಲಸ ಮಾಡಿದೆ.

ಕೊನೆಯ ದಿನ ಅರ್ಜಿ ತುಂಬುವಾಗ ಆ ಊರಿನಲ್ಲಿ ಜೀವಮಾನವೆಲ್ಲ ಇರಬೇಕಾಗುತ್ತದಲ್ಲ ಎಂದು ಹೆದರಿ ಕೈ ಒಳಗೆ ಎಂಬುದನ್ನು ಒತ್ತಿತು. ಒಳಗೆ ನನಗೆ ಸಿಗುತ್ತದೆ ಅಂತ ಗೊತ್ತಿತ್ತು. ಒಬ್ಬನಿಗೆ ನೌಕರಿ ಇದ್ದರೆ ನಿಮ್ಮ ಮನೆಯವರ ಮುಂದೆ ನಿಂತು ಕೇಳಬಹುದು ಅಂದುಕೊಂಡೆ. ನಿನ್ನ ವಿಷಯ ಏನು ಅಂದುಕೊಂಡೆ ಅಂದರೆ, ಅದನ್ನು ಬರೆಯದೆ ಇದ್ದರೆ ಈ ಪತ್ರ ಹಾಕುವುದೇ ಬೇಡ. ನಿನಗೆ ಹೊರಗೆ ಸಿಗುವುದಿಲ್ಲ ಅಂದುಕೊಂಡೆ. ಸೇಡಮ್ಮಿನಿಂದ ಯಾರಿಗೂ ಸಿಕ್ಕಿಲ್ಲ, ನಿನಗೂ ಸಿಗುವುದಿಲ್ಲ, ಆಮೇಲೆ ಒಳಗೆ ಹಾಕಿಸಿದರಾಯಿತು, ಆಗ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದ ಮೇಲೆ ಹತ್ತು ತಿಂಗಳು ಸುಮ್ಮನಿದ್ದೆ.

ಈಗ ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತೇನೆ. ಮೈಸೂರಿನ ನೌಕರಿಯನ್ನು ಬಿಟ್ಟುಬಿಡು. ಮುಂದಿನ ವರ್ಷ ಒಳಗೆ ಬರೆ, ನಿನ್ನ ಅಂಕಕ್ಕೆ ಕಣ್ಣು ಮುಚ್ಚಿ ಸಿಗುತ್ತದೆ. ಅಷ್ಟರವರೆಗೆ ನನ್ನ ಸಂಬಳವಿದೆ. ಅವ್ವನಿಗೆ ನಿನ್ನ ಹೆಸರು ಹೇಳಿದ್ದೇನೆ. "ಅವ್ರು ನಮ್ಮ ಮನಿಗಿ ಬರ್ತಾರೇನೋ ಹುಚ್ಚಾ?" ಎಂದಳು, ಬೇಡ ಅನ್ನಲಿಲ್ಲ. ಚಿಂಚೋಳಿ ಹಸಿರಾಗಿದೆ, ಹತ್ತಿರವೇ ಕಾಡು. ಈಗ ಇರುವ ಕೋಣೆಗೆ ನಿಜವಾಗಿಯೂ ಕಿಟಕಿ ಇದೆ.

ಹದಿನಾರನೇ ತಾರೀಖು ಭಾನುವಾರ ನೀನು ವಾಡಿಯಲ್ಲಿ ಮೈಸೂರಿನ ಗಾಡಿ ಹತ್ತುತ್ತೀ ಎಂದು ಮೌಲಾಲಿ ಅಣ್ಣನಿಂದ ಗೊತ್ತಾಯಿತು. ಮಧ್ಯಾಹ್ನದಿಂದ ಅದೇ ಬೆಂಚಿನ ಮೇಲೆ ಇರುತ್ತೇನೆ. ನಿಮ್ಮಪ್ಪ ಜೊತೆಗಿದ್ದರೂ ಸರಿ, ಅವರ ಮುಂದೆಯೇ ಮಾತಾಡುತ್ತೇನೆ. ನನ್ನ ಮುಖ ನೋಡಿದ ಮೇಲೆ ಹತ್ತಬೇಕು ಅನ್ನಿಸಿದರೆ ಹತ್ತು.

ಸಿದ್ಧಲಿಂಗ


ಸೇಡಂ
11 ನವೆಂಬರ್ 2025

ಸಿದ್ಧಲಿಂಗ,

ನಿನ್ನ ಪತ್ರವನ್ನು ಶಹಾಬುದ್ದೀನ ಚಾಚಾ ಹಿಂದೆ ಮುಂದೆ ತಿರುಗಿಸಿ ನೋಡಿ, "ಚಿಂಚೋಳಿ ಅದ ಬೇಟಿ, ಮೈಸೂರ ಅಲ್ಲ," ಎಂದರು. ಬೇರೆ ಯಾರದೋ ಇರಬೇಕು ಎಂದುಕೊಂಡು ನಾನೂ ತಡಮಾಡಿ ಒಡೆದೆ.

ಹನ್ನೊಂದು ದಿನ ಏನೂ ಬರೆಯಲಿಲ್ಲ. ಮೊದಲ ಮೂರು ದಿನ ಗೋದಾಮಿನ ಬಗ್ಗೆಯೇ ಅತ್ತೆ. ನೀನು ಮಾತು ಬಿಟ್ಟದ್ದನ್ನು ನೆನೆದು ಅತ್ತೆ. ಮಾತು ಬಾರದೆ ಇರುವುದು ಏನೆಂದು ನನ್ನಷ್ಟು ಯಾರಿಗೆ ಗೊತ್ತು? ನನಗೆ ಬರೆದಿದ್ದರೆ ನಾನೇ "ಒಳಗೆ ಹಾಕು, ನಾನೂ ಹಾಕುತ್ತೇನೆ" ಎನ್ನುತ್ತಿದ್ದೆ. ಮೌಲಾಲಿ ಅಣ್ಣನ ಬೆರಳು ಗಾಳಿಯಲ್ಲಿ ನಿಂತಾಗ ನನಗೂ ಒಳಗೆ ಎನ್ನುವ ಆಸೆಯಿತ್ತು. ನಿನ್ನ ಅಳಿಲು ನನ್ನನ್ನು ಹೊರಗೆ ತಳ್ಳಿತು.

ಭಯಪಟ್ಟದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಸುಳ್ಳಿಗೂ ಅಷ್ಟು ಸಿಟ್ಟಿಲ್ಲ, ನನಗೆ ಚಂದ ಕಾಣಲಿ ಎಂದು ಹೇಳಿದ ಸುಳ್ಳು ಅದು. ಆದರೆ ಒಂದು ಸಾಲನ್ನು ದಾಟಲು ನನ್ನಿಂದ ಆಗುತ್ತಿಲ್ಲ. ನಿನಗೆ ಸಿಗುವುದಿಲ್ಲ ಅಂದುಕೊಂಡೆ ಎಂಬ ಸಾಲು. ಚೆನ್ನಾಗಿ ಓದು ಎಂದು ನೀನು ಬರೆಯುತ್ತಿದ್ದೆ, ನಾನು ಓದುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು, ಪಾತ್ರೆ ತಿಕ್ಕುತ್ತಾ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಆ ಹೊತ್ತಿನಲ್ಲೆಲ್ಲ ನೀನು ನನ್ನ ಸೋಲಿನ ಮೇಲೆ ನಮ್ಮಿಬ್ಬರ ಮನೆ ಕಟ್ಟುತ್ತಿದ್ದೆ. ಆ ಮನೆಯ ನೆಲ ಓರೆ ಇದೆ, ಸಿದ್ಧಲಿಂಗ. ಕಣ್ಣಿಗೆ ಕಾಣುವುದಿಲ್ಲ ಎಂದು ನೀನೇ ಬರೆದಿದ್ದೆ. ಮೌಲಾಲಿ ಅಣ್ಣನ ಅಂಗಡಿಯಲ್ಲಿ ಎಲ್ಲರೂ ನಕ್ಕಾಗ ನೀನೊಬ್ಬ ನಗುವುದಿಲ್ಲ ಎಂದು ನನಗೆ ಧೈರ್ಯವಿತ್ತು. ಅದೊಂದೇ ಧೈರ್ಯ ಇದ್ದದ್ದು.

ಬಿಟ್ಟುಬಿಡು ಎಂದಿದ್ದೀ. ಬಿಡಬಹುದು. ಇನ್ನೂ ಪ್ರೀತಿ ಹೋಗಿಲ್ಲ, ಅದಕ್ಕೆ ಬಿಡಬಹುದು ಎಂದೂ ಒಂದು ಸಂಜೆ ಅನ್ನಿಸಿತು. ಅವ್ವನ ಹತ್ತಿರ ಹೋಗಿ, "ಮೈಸೂರು ಭಾಳ ದೂರ ಆತಲ್ಲ ಅವ್ವಾ," ಎಂದೆ. ಹೋಗಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ತಟ್ಟುತ್ತಾ, "ಹೌದವ್ವ, ದೂರ. ನಾ ಲಗ್ನ ಆಗಿ ಗುಂಡಗುರ್ತಿಲಿಂದ ಸೇಡಮ್ಮಿಗಿ ಬಂದಾಗೂ ಭಾಳ ದೂರ ಇತ್ತು. ನನ್ನ ಯಾರೂ ಕೇಳಿರಲಿಲ್ಲ. ನಿನ್ನ ಕೇಳ್ಯಾರ," ಎಂದಳು. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು.

ಆಮೇಲೆ ವಹಿ ತೆಗೆದು ನೋಡಿದೆ. ಮೈಸೂರಿನ ಪುಟದಲ್ಲಿರುವ ಅಂಕಗಳೆಲ್ಲ ನೀನು ಕೊಟ್ಟವು. ಅವುಗಳಲ್ಲಿ ಯಾವುದು ನಿಜ, ಯಾವುದು ನನ್ನ ಸಲುವಾಗಿ ಮಾಡಿದ್ದು, ನನಗೆ ಗೊತ್ತಿಲ್ಲ. ನಾನು ಹೋಗಬೇಕಾದ ಊರನ್ನು ನಾನು ನೋಡಿಯೇ ಇಲ್ಲ, ಅದು ನೀನು ಬರೆದ ಊರು. ಕಿಟಕಿಯ ಮುಂದಿನ ಹತ್ತನ್ನು ಹೊಡೆದುಹಾಕಿ ಜಾಗ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಕಿಟಕಿಯಿರುವ ಕೋಣೆ ನನಗೂ ಸಿಗದೆ ಹೋಗಬಹುದು. ನನ್ನ ಮಾತಿಗೂ ಅವರು ನಗಬಹುದು. ಸಿಕ್ಕಿದ್ದನ್ನು ನೋಡಿ ನಾನೇ ಅಂಕ ಬರೆಯುತ್ತೇನೆ, ಎರಡೋ ಮೂರೋ.

ಹುಬ್ಬಳ್ಳಿ, ಶಿವಮೊಗ್ಗದ ಪುಟಗಳನ್ನು ಹರಿದಿಲ್ಲ. ಕಲಬುರಗಿಗೂ ಒಂದು ಪುಟ ಇಡು ಎಂದಿದ್ದೀಯಲ್ಲ, ಮೇ ತಿಂಗಳಲ್ಲೇ ಇಟ್ಟಿದ್ದೆ. ನೀನು ಹೇಳಿದ್ದೀ ಎಂದು. ಅದರಲ್ಲಿ ಏನೂ ಬರೆದಿಲ್ಲ.

ನಿನ್ನ ಅವ್ವನಿಗೆ ನನ್ನ ಹೆಸರು ಹೇಳಿದ್ದಕ್ಕೆ ನನಗೆ ಸಂತೋಷವಾಯಿತು. ಅವರಿಗೆ ಇನ್ನೇನೂ ಹೇಳಬೇಡ. ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಇಡಲು ಹೇಳು.

ಭಾನುವಾರ ಅಪ್ಪ ನನ್ನ ಜೊತೆಗೆ ಬರುತ್ತಾರೆ. ಎರಡು ದಿನ ಇದ್ದು, ಕೋಣೆ ಹುಡುಕಿಕೊಟ್ಟು ಮರಳುತ್ತಾರೆ. ನೀನು ಬೆಂಚಿನ ಮೇಲೆ ಕೂತಿದ್ದರೆ ನನಗೆ ದೂರದಿಂದಲೇ ಕಾಣುತ್ತದೆ. ಒಂದು ಕಾಲು ಮಡಚಿ, ಚೀಲವನ್ನು ತೊಡೆಯ ಮೇಲಿಟ್ಟು ಹೇಗೆ ಕೂತಿರುತ್ತೀ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಕಂಡರೆ ನಾನು ಹತ್ತುವುದಿಲ್ಲ. ಇದು ನನಗೆ ಗೊತ್ತಿದೆ, ನಿನಗೂ ಗೊತ್ತಿದೆ, ಅದಕ್ಕೇ ನೀನು ಬರುತ್ತೇನೆ ಎಂದಿದ್ದೀ.

ನಿನ್ನೆ ಮೌಲಾಲಿ ಅಣ್ಣನ ಸೆಂಟರಿಗೆ ಹೋಗಿದ್ದೆ. ಟಿಕೇಟಿನಲ್ಲಿ ಹತ್ತುವ ಸ್ಟೇಷನ್ ಬದಲಿಸಬಹುದೇ ಎಂದು ಕೇಳಿದೆ. "ಇದು ಬದಲ ಆಗ್ತದ ನೋಡವಾ, ಇದಕ್ಕೇನ್ ತ್ರಾಸಿಲ್ಲ," ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ವಾಡಿ ಎಂದಿದ್ದ ಕಡೆ, ಗಾಡಿ ವಾಡಿ ದಾಟಿದ ಮೇಲೆ ಸಿಗುವ ಯಾದಗಿರಿ ಎಂದು ಬಂತು.

ಮನೆಗೆ ಬಂದು ಅಪ್ಪನಿಗೆ ಹೇಳಿದಾಗ, "ವಾಡಿ ಹತ್ರ ಅದ, ರೈಲಿಗೇ ಹೋಗಬಹುದು. ಯಾದಗಿರಿಗ್ಯಾಕ ಅಷ್ಟು ದೂರ ಬಸ್ಸಿಗಿ?" ಎಂದರು.

"ವಾಡ್ಯಾಗ ಗದ್ದಲ ಭಾಳ ಇರ್ತದಪ್ಪ," ಎಂದೆ.

ಅಪ್ಪ ನನ್ನ ಮುಖ ನೋಡಿದರು. ನಂತರ ಕೈ ಒರೆಸುತ್ತಿದ್ದ ಬಟ್ಟೆಯನ್ನೇ ನೋಡಿದರು. "ಆಯ್ತು. ಗುರುಮಠಕಲ್ ಮ್ಯಾಲ ಹೋಗೋ ಬಸ್ ಹಿಡಿದು ಹೋಗಾಮು," ಎಂದರು.

ಈ ಪತ್ರವನ್ನು ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಭಾನುವಾರದ ಒಳಗೆ ನಿನಗೆ ಸಿಗಬೇಕು. ವಾಡಿಗೆ ಬಂದು ಕಾಯಬೇಡ. ಗಾಡಿ ಅಲ್ಲಿ ನಿಲ್ಲುತ್ತದೆ. ನಾನು ಇನ್ನೂ ಅದರಲ್ಲಿ ಇರುವುದಿಲ್ಲ.

ಐಶ್ವರ್ಯ